ಸೊನ್ನೆಗಿಂತ ಕೆಳಗಿಳಿದ ಗ್ರಾಹಕಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದ್ರಾಸಿನಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿನಿ. ಅಪ್ಪ ರೈಲ್ವೆಯಲ್ಲಿ ಗುಮಾಸ್ತರು; ಮನೆ ಪುರಸೈವಾಕ್ಕಂನ ಬಟ್ಟೆ ಅಂಗಡಿಗಳ ಹಿಂದಿನ ಓಣಿಯಲ್ಲಿ. ರಕ್ತದಲ್ಲಿರುವ ಪ್ರತಿಕಾಯಗಳು ರೋಗ ಎದುರಿಸುವ ಕೋಶಗಳ ಮೇಲಿನ ಗ್ರಾಹಕಗಳಿಗೆ, ಅಂದರೆ ರಿಸೆಪ್ಟರುಗಳಿಗೆ, ಹೇಗೆ ಅಂಟುತ್ತವೆ, ಎಷ್ಟು ಹೊತ್ತು ಅಂಟಿಕೊಂಡಿರುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಹಿಡಿಯುವುದು ನನ್ನ ವಿಷಯ.

ಎರಡನೆಯ ವರ್ಷದಲ್ಲಿ ತಂಗಿಗೆ ಲೂಪಸ್ ಎಂದು ಗೊತ್ತಾಯಿತು. ಅವಳ ಪ್ರತಿಕಾಯಗಳು ಅವಳ ಮೈಮೇಲೆಯೇ ತಿರುಗಿಬಿದ್ದು, ಗುಂಪುಗುಂಪಾಗಿ ಮೂತ್ರಪಿಂಡದಲ್ಲಿ ಕೂತಿದ್ದವು. ಆ ಗುಂಪುಗಳನ್ನು ಹಿಡಿದು ತೆಗೆಯಬೇಕಾದದ್ದು ನಾನು ಲೆಕ್ಕ ಹಾಕುತ್ತಿದ್ದ ಗ್ರಾಹಕಗಳೇ. ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಲೆಕ್ಕ ಸರಿಹೋದರೆ ಅವಳು ಉಳಿಯುತ್ತಾಳೆ ಎಂದು ನಂಬಿಬಿಟ್ಟೆ.

ಕಂಪ್ಯೂಟರಿಗೆ ಲೆಕ್ಕ ಊಡಿಸುವ, ತೂತು ಹೊಡೆದ ಕಾರ್ಡುಗಳ ಪೆಟ್ಟಿಗೆಯನ್ನು ಅವುಚಿಕೊಂಡು ಬಸ್ಸಿನಲ್ಲಿ ಕಂಪ್ಯೂಟರ್ ಕೇಂದ್ರಕ್ಕೆ ಹೋಗುತ್ತಿದ್ದೆ. ಇವತ್ತು ಕೊಟ್ಟರೆ ನಾಳೆ ಉತ್ತರ. ಪ್ರತಿಸಲವೂ ಅದೇ ಅಸಂಬದ್ಧ: ಖಾಲಿ ಉಳಿದ ಗ್ರಾಹಕಗಳ ಸಂಖ್ಯೆ ಸೊನ್ನೆಗಿಂತ ಕೆಳಗೆ! ಅಲ್ಲಿಂದ ನೇರವಾಗಿ ಆಸ್ಪತ್ರೆಗೆ. ಔಷಧಿಯಿಂದ ತಂಗಿಯ ಮುಖ ಊದಿ ಕಣ್ಣುಗಳು ಸಣ್ಣಗಾಗಿದ್ದವು. ತಮಿಳು ಶಾಲೆಯಲ್ಲಿ ಓದಿದ ಅವಳು ನಮ್ಮ ಕನ್ನಡಕ್ಕೆ ತಮಿಳಿನಲ್ಲೇ ಉತ್ತರಿಸುವಳು.

"ಅಕ್ಕಾ, ಕಣಕ್ಕು ವಂದುಚ್ಚಾ?" ಲೆಕ್ಕ ಬಂತಾ ಎಂದು.

"ಇನ್ನೂ ಇಲ್ಲ ಕಣೇ."

"ಸೀಕ್ರಂ ಪೋಡು." ಬೇಗ ಮಾಡು.

ತಿಂಗಳುಗಳಾದ ಮೇಲೆ ತಪ್ಪು ಸಿಕ್ಕಿತು. ಪ್ರತಿಕಾಯಗಳ ಗುಂಪು ಒಂದು ಗ್ರಾಹಕಕ್ಕೆ ಅಂಟಿದರೆ ಪಕ್ಕದವನ್ನೂ ಹಿಡಿಯುತ್ತದೆ. ನಾನು ಒಂದೇ ಗ್ರಾಹಕವನ್ನು ಎರಡು ಸಲ ಎಣಿಸಿದ್ದೆ. ತಿದ್ದಿ ಕಳಿಸಿದೆ. ಮರುದಿನ ಬಂದ ರೇಖೆ ಪ್ರಯೋಗಾಲಯದವರು ಕೋಶಗಳಲ್ಲಿ ಅಳೆದು ಕೊಟ್ಟ ಬಿಂದುಗಳ ಮೇಲೆಯೇ ಹಾದುಹೋಗಿತ್ತು. ಆ ಕಾಗದವನ್ನು ಹಿಡಿದು ಓಡಿದೆ.

ಡಾಕ್ಟರು ತಾಳ್ಮೆಯಿಂದ ನೋಡಿದರು. ಔಷಧಿ ಎಷ್ಟು ಕೊಡಬೇಕೆಂದು ಇದರಿಂದ ಹೇಳಬಹುದಲ್ಲವೇ ಎಂದು ಕೇಳಿದೆ.

"ಇದು ಗಾಜಿನ ತಟ್ಟೆಯಲ್ಲಿರೋ ಕೋಶಗಳ ಲೆಕ್ಕ," ಎಂದರು ಇಂಗ್ಲಿಷಿನಲ್ಲಿ. "ನಿನ್ನ ತಂಗಿಯದ್ದಲ್ಲ. ಅವಳ ಮೂತ್ರಪಿಂಡಗಳು ಹೋಗಿವೆ."

ಹೊರಗೆ ಬೆಂಚಿನ ಮೇಲೆ ಅಪ್ಪ ಕಾಯುತ್ತಿದ್ದರು. ಹೇಳಿದೆ. "ಇಷ್ಟು ವರ್ಷ ಓದಿದ್ದು ಮತ್ತೆ ಯಾತಕ್ಕಮ್ಮಾ?" ಎಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು.

ಒಳಗೆ ಹೋದಾಗ ತಂಗಿ ಮತ್ತೆ ಅದನ್ನೇ ಕೇಳಿದಳು. "ಸಿಕ್ತು ಕಣೇ," ಎಂದೆ. ತೋರಿಸು ಎಂದಳು. ಕಾಗದವನ್ನು ಅವಳ ಹೊಟ್ಟೆಯ ಮೇಲೆ ಹರಡಿದೆ. ಏರುತ್ತಾ ಹೋದ ರೇಖೆಯ ಮೇಲೆ ಬೆರಳಾಡಿಸಿ, ಅದು ಸಮತಟ್ಟಾಗುವ ಕಡೆ ನಿಲ್ಲಿಸಿದಳು.

"ನಾನ್ ಇಂಗೆಯಾ?" ನಾನು ಇಲ್ಲಿದ್ದೀನಾ?

"ಹೂಂ, ಅಲ್ಲೇ. ಇನ್ನು ಕಾಯಿಲೆ ಜಾಸ್ತಿ ಆಗಲ್ಲ," ಎಂದು ಸುಳ್ಳು ಹೇಳಿದೆ.

ನಂಬಿದಳೋ, ನನಗಾಗಿ ನಂಬಿದ ಹಾಗೆ ಮಾಡಿದಳೋ. ಎರಡು ವಾರ ಬದುಕಿದ್ದಳು.

ಪ್ರಬಂಧ ಮುಗಿಸಲು ಇನ್ನೊಂದು ವರ್ಷ ಹಿಡಿಯಿತು. ಮೌಖಿಕ ಪರೀಕ್ಷೆಯಲ್ಲಿ ಹಿರಿಯರೊಬ್ಬರು, ಈ ಮಾದರಿಯಿಂದ ರೋಗಿಗಳಿಗೇನಾದರೂ ಉಪಯೋಗ ಉಂಟೇ ಎಂದು ಕೇಳಿದರು. ಸದ್ಯಕ್ಕೆ ಇಲ್ಲ ಎಂದೆ. ಪ್ರಾಮಾಣಿಕ ಉತ್ತರ ಎಂದು ಅವರು ಮೆಚ್ಚಿ ನಕ್ಕರು. ನೀರು ಕೇಳಿ ಕುಡಿದೆ.