ಪರದೆಯ ಪಕ್ಕದ ಕತ್ತಲು

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕತ್ತರಿ ಮಾಮ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದರು. ಎಷ್ಟೇ ಉದ್ದದ ಭಾಷಣವನ್ನು ಕೊಟ್ಟರೂ ಮೂರು ನಿಮಿಷಕ್ಕೆ ಇಳಿಸುತ್ತಾರೆ, ಮಾತಾಡಿದವನಿಗೂ ಏನು ಹೋಯಿತೆಂದು ತಿಳಿಯುವುದಿಲ್ಲ ಎಂದು ಜನ ಇಟ್ಟ ಹೆಸರು ಅದು. ಇಪ್ಪತ್ತೆಂಟು ವರ್ಷ ಕ್ಯಾಮೆರಾ ಹಿಡಿದವರು. ಅಷ್ಟೂ ವರ್ಷ ಪಕ್ಕದಲ್ಲಿ ಲೈಟು ಹಿಡಿದದ್ದು ಅವರ ಹೆಂಡತಿ. ಬೀದಿಗೆಲ್ಲ ಆಕೆ ಲೈಟಮ್ಮ.

ಲೈಟಮ್ಮ ಹೋಗಿ ಎರಡು ವರ್ಷವಾಗಿತ್ತು. ಹೊಟ್ಟೆಯಲ್ಲಿ ಗಡ್ಡೆ, ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಕಂಡವರ ಮುಖವೆಲ್ಲ ಮಾಮನ ಹಾರ್ಡ್ ಡಿಸ್ಕುಗಳಲ್ಲಿತ್ತು, ಹೆಂಡತಿಯದು ಮಾತ್ರ ಇರಲಿಲ್ಲ. ಒಂದು ಸಲ ಮಗಳು, "ಅಮ್ಮ, ನೀನೂ ಒಂದ್ಸಲ ಮುಂದೆ ಬಾರೇ," ಎಂದಾಗ ಆಕೆ, "ನಾನು ಮುಂದೆ ಬಂದ್ರೆ ನಿಮ್ಮಪ್ಪಂಗೆ ಏನೂ ಕಾಣಲ್ಲ," ಎಂದು ನಕ್ಕಿದ್ದರು.

ಒಂದು ದಿನ ನೃತ್ಯದ ಟೀಚರ್ ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೂರು ವರ್ಷದ ಹಿಂದೆ ಅವರ ನೃತ್ಯ ಶಾಲೆಯ ಮಕ್ಕಳು ಮಾಡಿದ ಕಾರ್ಯಕ್ರಮವನ್ನು ಮಾಮನೇ ಚಿತ್ರೀಕರಿಸಿ ಕೊಟ್ಟಿದ್ದರು. ಈಗ ಶಾಲೆಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು, ಅದನ್ನು ದೊಡ್ಡ ತೆರೆಯಲ್ಲಿ ತೋರಿಸಬೇಕಿತ್ತು.

"ಮಕ್ಕಳೇನೋ ಚೆನ್ನಾಗಿದ್ದಾರೆ. ಹಿಂದಿನ ಕಪ್ಪು ಪರದೆ ನೋಡಿ, ಪಟ್ಟೆ ಪಟ್ಟೆ," ಎಂದರು ಟೀಚರ್.

ಹೌದು. ಕಪ್ಪು ಬಟ್ಟೆ ನಯವಾಗಿ ಮಬ್ಬಾಗುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಕಾರಣ ಮಾಮನಿಗೆ ತಕ್ಷಣ ಹೊಳೆಯಿತು. ಕ್ಯಾಮೆರಾ ಹತ್ತು ಬಿಟ್‌ನಲ್ಲಿ ತೆಗೆದಿತ್ತು, ಅಂದರೆ ಕಪ್ಪಿನಿಂದ ಬಿಳಿಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಆದರೆ ತಾವು ರೆಂಡರ್ ಮಾಡುವಾಗ, ಅಂದರೆ ಕೊನೆಯ ವಿಡಿಯೋ ಹೊರತೆಗೆಯುವಾಗ, ಎಂಟು ಬಿಟ್‌ಗೆ ಇಳಿಸಿ ಕೊಟ್ಟಿದ್ದರು. ಉಳಿದದ್ದು ಇನ್ನೂರ ಐವತ್ತಾರು.

"ಒಂದು ವಾರ ಬಿಟ್ಟು ಬನ್ನಿ," ಎಂದರು.

ಅವರು ಬಳಸುತ್ತಿದ್ದದ್ದು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ, ಜಗತ್ತಿನ ಹತ್ತಾರು ಮೂಲೆಯ ಜನ ಬಿಡುವಿನಲ್ಲಿ ಕೂತು ಕಟ್ಟಿದ ತಂತ್ರಾಂಶ. ಹಳೆಯ ಪ್ರಾಜೆಕ್ಟ್ ತೆರೆದು ಹತ್ತು ಬಿಟ್ ಎಂದು ಆರಿಸಿದರು. ರೆಂಡರ್ ಶೇಕಡಾ ಅರವತ್ತೆರಡಕ್ಕೆ ಬಂದು ನಿಂತಿತು. ಇನ್ನೊಮ್ಮೆ ಕೊಟ್ಟರು, ಮತ್ತೆ ಅರವತ್ತೆರಡು. ಗ್ರಾಫಿಕ್ಸ್ ಕಾರ್ಡಿನ ನೆರವು ತೆಗೆದುಹಾಕಿದ ಮೇಲೆ ಪೂರ್ತಿ ಓಡಿತು, ಆದರೆ ಪಟ್ಟೆಗಳು ಇದ್ದಲ್ಲೇ ಇದ್ದವು. ಆ ತಂತ್ರಾಂಶ ಬಳಸುವವರ ಆನ್‌ಲೈನ್ ವೇದಿಕೆಯಲ್ಲಿ ಕೇಳಿದರು. ಯಾರೋ ಪುಣ್ಯಾತ್ಮ ಉತ್ತರ ಬರೆದಿದ್ದ: ನೀವು ಬಣ್ಣ ತಿದ್ದಲು ಹಾಕಿರುವ ಆ ಹಳೇ ಫಿಲ್ಟರ್ ಎಂಟು ಬಿಟ್‌ನದು, ಅದರ ಮೂಲಕ ಹಾದದ್ದೆಲ್ಲ ಎಂಟಾಗಿಯೇ ಹೊರಬರುತ್ತದೆ, ಅದನ್ನು ತೆಗೆಯಿರಿ. ಹಾಗೆಯೇ ಕ್ಲಿಪ್ಪಿನ ಬಣ್ಣದ ವ್ಯಾಪ್ತಿ 'ಪೂರ್ಣ' ಎಂದಿದೆಯೇ ನೋಡಿ, ಇಲ್ಲದಿದ್ದರೆ ಕತ್ತಲ ಭಾಗವೆಲ್ಲ ಬರೀ ಕಪ್ಪಾಗಿ ಹೋಗುತ್ತದೆ.

ವ್ಯಾಪ್ತಿ 'ಸೀಮಿತ' ಎಂದಿತ್ತು. ಮಾಮ ಫಿಲ್ಟರ್ ಕಿತ್ತು, ವ್ಯಾಪ್ತಿಯನ್ನು 'ಪೂರ್ಣ' ಮಾಡಿದರು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು, ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ತೆರೆಯ ಮೇಲೆ ಪರದೆಯ ಪಟ್ಟೆಗಳು ಕರಗಿದವು. ಎಡಗಡೆ, ವೇದಿಕೆಯ ಪಕ್ಕದ ಕತ್ತಲು ನಿಧಾನವಾಗಿ ಬಿಚ್ಚಿಕೊಂಡಿತು. ಅಲ್ಲಿ ಲೈಟಮ್ಮ ನಿಂತಿದ್ದರು.

ಮಾಮನ ಕೈ ಮೌಸ್ ಬಿಟ್ಟಿತು.

ಆಕೆ ಎರಡೂ ಕೈಯಲ್ಲಿ ಲೈಟು ಎತ್ತಿ ಹಿಡಿದಿದ್ದರು. ತುಟಿ ಅಲುಗುತ್ತಿತ್ತು, ಮಕ್ಕಳ ಹಾಡಿಗೆ ದನಿಗೂಡಿಸುತ್ತಿದ್ದಾಳೆ ಎಂದುಕೊಂಡರು ಮಾಮ. ಆಮೇಲೆ ಒಂದು ಕೈ ಇಳಿದು ಹೊಟ್ಟೆಯನ್ನು ಒತ್ತಿ ಹಿಡಿಯಿತು. ಬೆನ್ನು ಗೋಡೆಗೆ ತಾಗಿತು. ವೇದಿಕೆಯ ಬೆಳಕು ವಾಲಿತು.

ಮೊದಲು ಕೊಟ್ಟ ವಿಡಿಯೋದಲ್ಲಿ ಕ್ಯಾಮೆರಾದಲ್ಲಿ ದಾಖಲಾದ ಧ್ವನಿಯನ್ನು ಮುಚ್ಚಿ ಹಾಡು ಮಾತ್ರ ಕೂರಿಸಿದ್ದರು. ಈಗ ಆ ಧ್ವನಿಯನ್ನು ತೆರೆದರು. ತಮ್ಮದೇ ಗಂಟಲು, ಕ್ಯಾಮೆರಾದ ಹಿಂದಿನಿಂದ: "ಲೈಟು ಇಳೀತಿದೆ. ಮೇಲೆ ಹಿಡಿ."

ಹೊಟ್ಟೆಯ ಮೇಲಿದ್ದ ಕೈ ಮೇಲೆ ಹೋಯಿತು. ಬೆಳಕು ನೆಟ್ಟಗಾಯಿತು.

ಅದು ಹನ್ನೊಂದು ಸೆಕೆಂಡ್. ಮಾಮ ಆ ವಾರವೆಲ್ಲ ಬೇರೆ ಕೆಲಸ ಮುಟ್ಟಲಿಲ್ಲ. ಊಟಕ್ಕೆ ಕೂತರೆ ಆ ಮಾತು ಕಿವಿಗೆ ಬೀಳುತ್ತಿತ್ತು, ಮೆಟ್ಟಿಲು ಇಳಿಯುವಾಗ ಬೀಳುತ್ತಿತ್ತು. ಆಡಿದ ನೆನಪು ಅವರಿಗೆ ಚೂರೂ ಇರಲಿಲ್ಲ. ಅದೇ ಅವರನ್ನು ಹೆಚ್ಚು ಕಾಡಿತು.

ಗುರುವಾರ ಮಗಳು ಬಂದಳು. ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು; ರಜೆಯ ದಿನ ಅಪ್ಪನನ್ನು ನೋಡಿಕೊಂಡು ಹೋಗುತ್ತಿದ್ದಳು. ಮಾಮ ಆ ಹನ್ನೊಂದು ಸೆಕೆಂಡನ್ನು ತೋರಿಸಿದರು. ಅವಳು ನಿಂತೇ ನೋಡಿದಳು.

"ಹಾಡ್ತಿದ್ದಾಳೆ ನೋಡು," ಎಂದರು ಮಾಮ.

"ಹಾಡ್ತಿಲ್ಲಪ್ಪ. ಎಣಿಸ್ತಿದ್ದಾಳೆ."

"ಏನನ್ನ?"

"ನೋವು ಬಂದಾಗ ಹಾಗೇ ಎಣಿಸೋಳು. ಐವತ್ತಕ್ಕೆ ಹೋಗೋದ್ರೊಳಗೆ ಬಿಡುತ್ತೆ ಅನ್ನೋಳು."

ಮಾಮ ಚಿತ್ರವನ್ನು ಅಲ್ಲೇ ನಿಲ್ಲಿಸಿದರು. "ನಿಂಗೆ ಗೊತ್ತಿತ್ತಾ?"

"ಆ ವರ್ಷ ನಂಗೊಬ್ಬಳಿಗೆ ಹೇಳಿದ್ಲು. ಕಾರ್ಯಕ್ರಮಗಳ ಕಾಲ ಮುಗೀಲಿ, ಆಮೇಲೆ ಡಾಕ್ಟ್ರ ಹತ್ರ ಹೋಗೋಣ, ಅಪ್ಪಂಗೆ ಈಗಲೇ ಹೇಳ್ಬೇಡ ಅಂದ್ಲು. ನಾನೂ ಸುಮ್ನಾದೆ." ಅವಳು ಅಪ್ಪನ ಕಡೆ ತಿರುಗಿದಳು. "ನೀನು ಬೈಯೋದಾದ್ರೆ ಬೈದ್ಬಿಡು."

ಮಾಮ ಬೈಯಲಿಲ್ಲ. ಪಕ್ಕದ ಸ್ಟೂಲನ್ನು ಅವಳತ್ತ ತಳ್ಳಿದರು. ಅಪ್ಪ ಮಗಳು ಅದನ್ನು ಇನ್ನೊಮ್ಮೆ ನೋಡಿದರು.

ಟೀಚರ್ ಬರುವ ಮುನ್ನಾದಿನ ಮಾಮ ತೆರೆಯ ಎಡಮೂಲೆಗೆ, ಆ ಭಾಗವನ್ನಷ್ಟೇ ಮರೆಮಾಡುವ ಒಂದು ಮಾಸ್ಕ್ ಎಳೆದು, ಅಂಚನ್ನು ಮೆದುವಾಗಿಸಿ, ಕತ್ತಲನ್ನು ಮತ್ತೆ ತುಂಬಿದರು. ಹೆಂಡತಿಯನ್ನು ಅಷ್ಟು ಜೋಪಾನವಾಗಿ ಮುಚ್ಚುವಾಗ ಮೂರು ಸಲ ಅಳಿಸಿ ಎಳೆಯಬೇಕಾಯಿತು. ಈ ಸಲ ರೆಂಡರ್ ಎಲ್ಲೂ ನಿಲ್ಲಲಿಲ್ಲ.

"ಪರದೆ ಈಗ ಮಖಮಲ್ಲಿನ ಹಾಗಿದೆ," ಎಂದರು ಟೀಚರ್ ಖುಷಿಯಿಂದ. "ಆವತ್ತು ಲೈಟಮ್ಮ ಎಷ್ಟು ಚೆನ್ನಾಗಿ ಬೆಳಕು ಬಿಟ್ಟಿದ್ರು ಅಲ್ವಾ?"

"ಹೌದು," ಎಂದರು ಮಾಮ.

ಆಮೇಲೆ ಅವರು ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಕೆಳಗಿಳಿಸಿದರು. ಮಗಳು ಬೇಡವೆಂದಳು, ಅತ್ತಳು, ಒಮ್ಮೆ ಡಿಸ್ಕಿನ ವೈರನ್ನೇ ಬ್ಯಾಗಿಗೆ ಹಾಕಿಕೊಂಡು ಹೋದಳು. ಮಾಮ ಹೊಸದು ತಂದರು. ಪ್ರತಿ ಕಾರ್ಯಕ್ರಮದಲ್ಲೂ ಮಧ್ಯದ ಜನರನ್ನು ಬಿಟ್ಟು ಅಂಚಿನ ಕತ್ತಲನ್ನಷ್ಟೇ ಹಿಗ್ಗಿಸಿ, ಬೆಳಕು ಏರಿಸುತ್ತ ಹೋದರು. ಹೆಚ್ಚಿನವುಗಳಲ್ಲಿ ಏನೂ ಇರಲಿಲ್ಲ. ಎಂಟು ಬಿಟ್‌ನ ಹಳೆಯ ಚಿತ್ರಗಳು ಕೆದಕಿದಷ್ಟೂ ಬರೀ ಚೌಕಗಳಾಗಿ ಒಡೆಯುತ್ತಿದ್ದವು. ಆಕೆ ಸಿಕ್ಕಿದ್ದು ನಾಲ್ಕರಲ್ಲಿ. ಎರಡರಲ್ಲಿ ನಗುತ್ತಿದ್ದರು. ಮತ್ತೆರಡರಲ್ಲಿ ತುಟಿ ಅಲುಗುತ್ತಿತ್ತು. ಅವುಗಳಲ್ಲಿ ಒಂದು, ನೃತ್ಯದ ಕಾರ್ಯಕ್ರಮಕ್ಕಿಂತ ಒಂದು ವರ್ಷ ಹಿಂದಿನದು, ಆಕೆ ಮಗಳಿಗೂ ಹೇಳುವ ಮೊದಲಿನದು.

ಆ ಸಂಗತಿಯನ್ನು ಮಾಮ ಮಗಳಿಗೆ ಇನ್ನೂ ಹೇಳಿಲ್ಲ.