ಮಾವ ಒಬ್ಬನೇ ಹಾಡಿದ ಎಂಟು ಹಾಡು

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಳೆಯ ಟೇಪ್ ರೆಕಾರ್ಡರುಗಳನ್ನು ಇನ್ನೂ ರಿಪೇರಿ ಮಾಡುವ ಅಂಗಡಿಯೊಂದಿದೆ ಎಂದು ಯಾರೋ ಹೇಳಿದ್ದರಿಂದ ಕಳೆದ ತಿಂಗಳು ಅಲ್ಲಿಗೆ ಹೋಗಿದ್ದೆ. ಕೈಯಲ್ಲಿ ನಮ್ಮ ಮನೆಯ ಹಳೆಯ ಟೇಪ್ ರೆಕಾರ್ಡರ್ ಇತ್ತು, ಚೀಲದಲ್ಲಿ ಒಂದು ಕ್ಯಾಸೆಟ್ಟು. ಮೆಟ್ಟಿಲು ಹತ್ತಿ ಒಳಗೆ ಕಾಲಿಡುತ್ತಿದ್ದಂತೆ ಮೂಗಿಗೆ ಬಡಿದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಮೇಜಿನ ಮೇಲೆ ಯಾರದೋ ಹಳೆಯ ವಾಲ್ವ್ ಆಂಪ್ಲಿಫೈಯರ್ ಬಿಸಿಯಾಗುತ್ತಿತ್ತು. ಕಾದ ಧೂಳು, ಕರಗಿದ ಸೀಸ, ಅದರ ಹಿಂದೆ ಇಸ್ತ್ರಿ ಪೆಟ್ಟಿಗೆಗೆ ಸೀದ ಬಟ್ಟೆಯಂಥ ಒಂದು ಘಾಟು. ನನ್ನ ಹತ್ತನೆಯ ವಯಸ್ಸಿನಿಂದ ಹದಿನಾರರವರೆಗೆ ನಮ್ಮ ಮನೆಯ ಹಿಂದಿನ ಕೋಣೆಗೆ ಇದ್ದದ್ದು ಇದೇ ವಾಸನೆ. ಅಂಗಡಿಯ ಸಾಹೇಬರು ನನ್ನ ಟೇಪ್ ರೆಕಾರ್ಡರನ್ನು ಬಿಚ್ಚಿ, ಬೆಲ್ಟು ಬದಲಾಯಿಸಿ, ಪರೀಕ್ಷೆಗೆಂದು ನಾನು ತಂದಿದ್ದ ಕ್ಯಾಸೆಟ್ಟನ್ನೇ ಹಾಕಿದರು. ಗಿಟಾರಿನ ನಾಲ್ಕು ಪೆಟ್ಟು ಬಿದ್ದು, ಗಂಡಸಿನ ದನಿಯೊಂದು ಕನ್ನಡದಲ್ಲಿ ಹಾಡತೊಡಗಿತು.

"ಯಾರ್ದು ಮೇಡಂ ಈ ಆವಾಜು?" ಎಂದರು.

"ನಮ್ಮ ಮಾವಂದು. ಸಾಕು, ನಿಲ್ಲಿಸಿಬಿಡಿ. ಮನೇಲಿ ಕೇಳ್ತೀನಿ" ಎಂದೆ. ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಕೇಳುವ ಧೈರ್ಯ ನನಗಿರಲಿಲ್ಲ.

ಹೆದರಿಕೆಗೆ ಕಾರಣವಿತ್ತು. ಮೋಹನ ಮಾವ ಅಮ್ಮನ ತಮ್ಮ. ಒಂದು ಕಾಲಕ್ಕೆ ಕಂಟೋನ್ಮೆಂಟಿನ ಕಾಲೇಜು ಹುಡುಗರೆಲ್ಲ ಟಿ-ಶರ್ಟಿನ ಮೇಲೆ ಹೆಸರು ಬರೆದುಕೊಂಡು ತಿರುಗುತ್ತಿದ್ದ 'ಟಿನ್ ಗೇಟ್' ಎಂಬ ರಾಕ್ ಬ್ಯಾಂಡಿನ ಗಿಟಾರ್ ವಾದಕ. ಹಾಡುತ್ತಿದ್ದವರು ಬೆನ್ಸನ್ ಟೌನಿನ ಡೆಸ್ಮಂಡ್ ಅಂಕಲ್. ಅವರ ಮಗಳು ಶೆರಿಲ್ ಈಗ ಬ್ಯಾಂಡಿನ ಹಳೆಯ ಹಾಡುಗಳನ್ನು ಹೊಸದಾಗಿ ಹೊರತರುತ್ತಿದ್ದಾಳೆ. ಬ್ಯಾಂಡು ಬಿಟ್ಟ ಮೇಲೆ ಮಾವ ಒಬ್ಬನೇ ಮಾಡಿದ ಎಂಟು ಹಾಡುಗಳನ್ನೂ ಕೊನೆಯಲ್ಲಿ ಸೇರಿಸುತ್ತಾಳಂತೆ. ಅದರ ಜೊತೆಗೆ ಒಂದು ಪುಟ ಬರೆದುಕೊಡಿ ಎಂದು ನನಗೆ ಫೋನ್ ಮಾಡಿದ್ದಳು. "ಹೊಗಳಿ ಬರೀಬೇಡಿ ಆಂಟಿ. ಅಂಕಲ್ ಬ್ಯಾಂಡ್ ಬಿಟ್ಟಿದ್ದು ಸರೀನಾ, ಆಮೇಲೆ ಮಾಡಿದ ಹಾಡು ಹೆಂಗಿದೆ, ನಿಮಗೆ ಅನ್ಸಿದ್ದನ್ನೇ ಬರೀರಿ" ಎಂದಿದ್ದಳು. ಮಾವನ ಹಾಡುಗಳ ಬಗ್ಗೆ ನನಗೆ ಏನನ್ನಿಸುತ್ತದೆ ಎಂದು ಈ ಹಿಂದೆ ಒಬ್ಬರೇ ಒಬ್ಬರು ಕೇಳಿದ್ದರು. ಅದು ಮಾವನೇ. ಆಗ ನಾನು ಸುಳ್ಳು ಹೇಳಿದ್ದೆ.

ನಾವಿದ್ದದ್ದು ಇಂದಿರಾನಗರದಿಂದ ಇನ್ನೂ ಪೂರ್ವಕ್ಕೆ, ಅಪ್ಪ ಕೆಲಸ ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆಯ ಕಾಲೊನಿಯಲ್ಲಿ. ಸಾಲಾಗಿ ಹಳದಿ ಸುಣ್ಣದ ಮನೆಗಳು, ಮನೆಗೊಂದು ಸೀಬೆ ಮರ, ಬೆಳಿಗ್ಗೆ ಏಳಕ್ಕೆ ಸೈರನ್ನು. ಆ ಸೈರನ್ನಿಗೆ ಹಾಲು ಉಕ್ಕುತ್ತಿತ್ತು, ಅಪ್ಪನ ಶೂ ಲೇಸು ಬಿಗಿಯುತ್ತಿತ್ತು, ಅಮ್ಮ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಅಪ್ಪ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿದ್ದರೂ ಪಕ್ಕಕ್ಕಿಡುವುದು ಅವರ ಕೆಲಸ. ಮನೆಯಲ್ಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅಮ್ಮ ಆರಿಸಿದ ಬಟ್ಟೆಯ ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಟೀಚರ್ ಬಿಟ್ಟ ತಪ್ಪುಗಳನ್ನೂ ಹುಡುಕುತ್ತಿದ್ದರು. ಗದರುತ್ತಿರಲಿಲ್ಲ. ಬೆರಳಿಟ್ಟು ತೋರಿಸುತ್ತಿದ್ದರು, ಅಷ್ಟೆ. ಆ ಬೆರಳಿಗೆ ನಾವೆಲ್ಲ ಹೆದರುತ್ತಿದ್ದೆವು.

ಇಂಥ ಮನೆಯ ಹಿಂದಿನ ಕೋಣೆಯಲ್ಲಿ ಭುಜದವರೆಗೆ ಕೂದಲು ಬಿಟ್ಟ ಮಾವ ಬಂದು ನೆಲೆಸಿದ್ದ. ಅಪ್ಪ ಬೇಡವೆನ್ನಲಿಲ್ಲ. ಮಾವನ ಆಂಪ್ಲಿಫೈಯರ್ ಕೆಟ್ಟರೆ ಭಾನುವಾರ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಕೂತು ಬೆಸುಗೆ ಹಾಕಿಕೊಡುತ್ತಿದ್ದರು. ಶನಿವಾರ ಮಧ್ಯಾಹ್ನ ಮಾವ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಲಸೂರು ಕೆರೆಯ ಪಕ್ಕದಿಂದ ಹಾದು ಬೆನ್ಸನ್ ಟೌನಿಗೆ ಕರೆದೊಯ್ಯುತ್ತಿದ್ದ. ಡೆಸ್ಮಂಡ್ ಅಂಕಲ್ಲಿನ ಮನೆಯ ಕಾರು ಶೆಡ್ಡಿನಲ್ಲಿ ಅಭ್ಯಾಸ. ಅದರ ತಗಡಿನ ಬಾಗಿಲಿನಿಂದಲೇ ಬ್ಯಾಂಡಿಗೆ ಆ ಹೆಸರು ಬಂದದ್ದು. ನಾನು ಮೆಟ್ಟಿಲ ಮೇಲೆ ಕೂತು, ಅಂಕಲ್ಲಿನ ತಾಯಿ ಕೊಟ್ಟ ರೋಸ್ ಕುಕ್ಕೀಸ್ ತಿನ್ನುತ್ತಾ ಕೇಳುತ್ತಿದ್ದೆ. ಅಂಕಲ್ ಬಾಯಿ ತೆರೆದರೆ ಶೆಡ್ಡಿನ ತಗಡು ನಡುಗುತ್ತಿತ್ತು. ಮಾವ ಗೋಡೆಯ ಕಡೆ ಮುಖ ಮಾಡಿ ನುಡಿಸುತ್ತಿದ್ದ. ರಾಗಗಳೆಲ್ಲ ಅವನವೇ ಎಂದು ನನಗೆ ಗೊತ್ತಿತ್ತು, ಏಕೆಂದರೆ ವಾರವಿಡೀ ಅವು ನಮ್ಮ ಹಿಂದಿನ ಕೋಣೆಯಲ್ಲಿ ಹುಟ್ಟುವುದನ್ನು ಗೋಡೆಯ ಈಚೆಯಿಂದ ಕೇಳಿರುತ್ತಿದ್ದೆ.

ಬ್ಯಾಂಡಿನ ಹೆಸರು ಮುಂಬಯಿ, ಮದರಾಸಿನವರೆಗೆ ಹೋಗಿದ್ದಾಗಲೇ ಮಾವ ಅದನ್ನು ಬಿಟ್ಟ. ಒಂದು ಸಂಜೆ ಗಿಟಾರು, ಆಂಪ್ಲಿಫೈಯರು ಎರಡನ್ನೂ ಆಟೋದಲ್ಲಿ ಹೇರಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕ, ನಾನು ಬಿಟ್ಬಂದೆ" ಎಂದ. ಅಮ್ಮ ಸೌಟು ಹಿಡಿದುಕೊಂಡೇ ಕೇಳಿದಳು, "ಜಗಳ ಆಯ್ತೇನೋ?" ಆಗಿರಲಿಲ್ಲ. ಅವನಿಗೆ ಕನ್ನಡದಲ್ಲಿ ಹಾಡು ಮಾಡಬೇಕಿತ್ತು. ಡೆಸ್ಮಂಡ್ ಅಂಕಲ್ಲಿಗೆ ಕನ್ನಡ ಮಾತಿಗೆ ಬರುತ್ತಿತ್ತು, ಹಾಡಿಗೆ ಬರುತ್ತಿರಲಿಲ್ಲ. ಹಾಗಾಗಿ ಮಾವ ತಾನೇ ಹಾಡುವುದೆಂದು ಹೊರಟಿದ್ದ. ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಬಗೆಯ ದಿಗಿಲು ಬಂದು ಕೂತಿತು. ಕಾಲೊನಿಯ ಮಂದಿ "ಅಷ್ಟು ದೊಡ್ಡ ಬ್ಯಾಂಡು, ತಲೆಕೆಟ್ಟವನೇ ಬಿಡೋದು" ಎಂದರು. ಕೋಣೆಯಿಂದ ಗಿಟಾರು ಕೇಳಿದರೆ ಅಮ್ಮನ ಮುಖ ಬಿಗಿಯುತ್ತಿತ್ತು, ಕೇಳದಿದ್ದರೆ ಇನ್ನೂ ಬಿಗಿಯುತ್ತಿತ್ತು. ನಾನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲು ಗೋಡೆಗೆ ಕಿವಿಯಿಡುತ್ತಿದ್ದೆ. ಅವನ ದನಿ ಏರಬೇಕಾದಲ್ಲಿ ಒಡೆಯುತ್ತಿತ್ತು. ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ, ಮತ್ತೆ ಅಲ್ಲೇ ಒಡೆಯುತ್ತಿತ್ತು. ಅದು ಒಡೆಯುವ ಜಾಗ ಹತ್ತಿರ ಬಂದಂತೆ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಆರು ತಿಂಗಳ ನಂತರ ಕಂಟೋನ್ಮೆಂಟಿನ ಒಂದು ಕಾಲೇಜು ಮೈದಾನದಲ್ಲಿ ಅವನ ಮೊದಲ ಒಂಟಿ ಕಾರ್ಯಕ್ರಮ. ಸಂಜೆ ಐದಕ್ಕೆ ನಾವು ಮೂವರೂ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಜೀನ್ಸು ತೊಟ್ಟ ಹುಡುಗರ ನಡುವೆ ನಾವು ಮದುವೆಗೆ ಬಂದು ದಾರಿ ತಪ್ಪಿದವರಂತೆ ಕಾಣುತ್ತಿದ್ದೆವು. ಮಾವ ವೇದಿಕೆಗೆ ಬಂದಾಗ ಭಾರೀ ಕೂಗೆದ್ದಿತು, ನನಗೆ ಸಮಾಧಾನವಾಯಿತು. ಎರಡನೆಯ ಹಾಡಿನ ಹೊತ್ತಿಗೆ ಹಿಂದಿನ ಸಾಲುಗಳಿಂದ "ಟಿನ್ ಗೇಟ್, ಟಿನ್ ಗೇಟ್" ಎಂದು ಚಪ್ಪಾಳೆಯ ಜೊತೆ ಶುರುವಾಯಿತು. ಬ್ಯಾಂಡಿನ ಹಳೆಯ ಹಾಡು ಅವರಿಗೆ ಬೇಕಿತ್ತು. ಆ ಹಾಡಿನ ರಾಗ ಕಟ್ಟಿದವನು ಎದುರಿಗೇ ನಿಂತಿದ್ದ. ಎರಡು ತಂತಿ ಮೀಟಿದ್ದರೆ ಸಾಕಿತ್ತು. ನಾನು ಮನಸ್ಸಿನಲ್ಲೇ, ನುಡಿಸು ಮಾವ, ನುಡಿಸಿಬಿಡು ಎಂದು ಬೇಡಿಕೊಳ್ಳುತ್ತಿದ್ದೆ. ಅವನು ಕೂಗು ನಿಲ್ಲಲೆಂದು ತಲೆ ತಗ್ಗಿಸಿಕೊಂಡು ಶ್ರುತಿ ಮಾಡಿಕೊಂಡ. ಕೂಗು ನಿಲ್ಲಲಿಲ್ಲ. ಹಾಗೇ ತನ್ನ ಮೂರನೆಯ ಹಾಡು ಎತ್ತಿಕೊಂಡ. ದನಿ ಒಡೆಯುವಲ್ಲಿ ಒಡೆಯಿತು. ಜನ ಗುಂಪುಗುಂಪಾಗಿ ಎದ್ದು ಚಹಾದ ಗಾಡಿಯ ಕಡೆ ಹೋಗತೊಡಗಿದರು. ನಮ್ಮ ಮುಂದಿದ್ದ ಒಬ್ಬ, "ಕೈ ಸೂಪರ್ ಗುರು, ಗಂಟಲೇ ಇಲ್ಲ" ಎಂದ. ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಅವನು ಆರು ಹಾಡನ್ನೂ ಮುಗಿಸಿಯೇ ಇಳಿದ.

ಮರುದಿನ ಬೆಳಿಗ್ಗೆ ಮಾವ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ನಾನು ಕಾಫಿ ತೆಗೆದುಕೊಂಡು ಹೋದೆ. ಲೋಟ ತೆಗೆದುಕೊಂಡು, "ನೀನು ಹೇಳು ಚಿನ್ನಿ. ಎಲ್ಲಾ ಹಾಡೂ ಹುಟ್ದಾಗಿಂದ ಕೇಳಿದೀಯ. ಹೆಂಗಿತ್ತು?" ಎಂದ. ನನಗೆ ಹನ್ನೆರಡು ವರ್ಷ. ಅವನ ಕಣ್ಣು ಕೆಂಪಾಗಿತ್ತು. "ಚೆನ್ನಾಗಿತ್ತು ಮಾವ. ಬ್ಯಾಂಡಿಗಿಂತ ಚೆನ್ನಾಗಿತ್ತು" ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಸಿಟ್ಟೇನೂ ಇರಲಿಲ್ಲ. "ಸರಿ, ಸ್ಕೂಲಿಗೆ ಹೊತ್ತಾಯ್ತು ನಿಂಗೆ" ಎಂದು ಕಾಫಿ ಕುಡಿದ. ಅದಾದ ಮೇಲೆ ಯಾವ ಹಾಡಿನ ಬಗ್ಗೆಯೂ ಅವನು ನನ್ನನ್ನು ಕೇಳಲಿಲ್ಲ. ಮೊದಲಿನ ಹಾಗೇ ಸ್ಕೂಟರಿನಲ್ಲಿ ಕೂರಿಸಿಕೊಳ್ಳುತ್ತಿದ್ದ, ಲೆಕ್ಕ ಹೇಳಿಕೊಡುತ್ತಿದ್ದ, ತಮಾಷೆ ಮಾಡುತ್ತಿದ್ದ. ಹಾಡಿನ ವಿಷಯ ಮಾತ್ರ ನಮ್ಮಿಬ್ಬರ ನಡುವೆ ಮುಗಿದುಹೋಯಿತು.

ಮುಂದಿನ ವರ್ಷ ಎಂಟು ಹಾಡುಗಳ ಕ್ಯಾಸೆಟ್ಟು ಬಂತು. ಮೊದಲ ಪ್ರತಿಯನ್ನು ಒಂದು ಭಾನುವಾರ ಮಧ್ಯಾಹ್ನ ತಂದು ಅಪ್ಪನ ಮುಂದಿಟ್ಟು, "ಭಾವ, ನೀವು ಕೇಳ್ಬೇಕು. ಕೇಳಿ, ಇದ್ದದ್ದು ಇದ್ದಂಗೆ ಹೇಳ್ಬೇಕು" ಎಂದ. ಅಪ್ಪ ಎದ್ದುಹೋಗಿ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಒಂದು ಹಾಳೆ, ಪೆನ್ಸಿಲ್ಲು ತರಿಸಿಕೊಂಡರು. ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದೊಂದು ಹಾಡು ಮುಗಿದಾಗಲೂ ಅಪ್ಪ ಏನೋ ಗುರುತು ಹಾಕುತ್ತಿದ್ದರು. ನಡುವೆ ಕ್ಯಾಸೆಟ್ಟು ತಿರುಗಿಸಿ ಹಾಕುವಾಗಲೂ ಮಾತಾಡಲಿಲ್ಲ. ಎಂಟೂ ಮುಗಿದ ಮೇಲೆ ಹಾಳೆ ನೋಡಿಕೊಂಡು ಹೇಳಿದರು: "ಎರಡು, ಐದು, ಎಂಟು ಪಾಸು. ಉಳಿದಿದ್ದು ರೀವರ್ಕ್, ಮತ್ತೆ ಮಾಡ್ಬೇಕು. ನೀನು ಅಲ್ಲೆಲ್ಲಾ ಡೆಸ್ಮಂಡ್ ಹಾಡ್ದಂಗೆ ಹಾಡೋಕೆ ಹೋಗಿದೀಯ ಮೋಹನ. ಅವನ ಗಂಟಲು ನಿಂದಲ್ಲ."

ಅಮ್ಮ ಒಳಗಿಂದಲೇ, "ಸುಮ್ನಿರ್ಬಾರ್ದೇನ್ರೀ" ಎಂದಳು. ಮಾವ ಅತ್ತೇಬಿಡುತ್ತಾನೆ ಎಂದು ನಾನು ಹೆದರಿದ್ದೆ. ಅವನು ನಕ್ಕ. ಬ್ಯಾಂಡು ಬಿಟ್ಟುಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. "ಮೂರು ಬಂತಲ್ಲ ಭಾವ" ಎಂದು ಆ ಹಾಳೆಯನ್ನು ಕೇಳಿ ಪಡೆದು, ಮಡಿಚಿ ಜೇಬಿನಲ್ಲಿಟ್ಟುಕೊಂಡು ಕೋಣೆಗೆ ಹೋದ. ಅವನಿಗೆ ಬೇಕಾಗಿದ್ದದ್ದು ಅಪ್ಪನಿಂದ ಸಿಕ್ಕಿತು. ಅವತ್ತು ಹಿತ್ತಲಿನಲ್ಲಿ ನಾನು ಕೊಟ್ಟದ್ದು ಏನೆಂದು ಆಗ ತಿಳಿಯಿತು.

ರೀವರ್ಕ್ ಆಗಲಿಲ್ಲ. ಕ್ಯಾಸೆಟ್ಟಿನ ಕಂಪನಿ ಮತ್ತೆ ಕರೆಯಲಿಲ್ಲ. ಮಾವ ಮದುವೆಯಾಗಿ ಬಾಣಸವಾಡಿಗೆ ಹೋದ, ರೈಲು ನಿಲ್ದಾಣದ ಹತ್ತಿರ ಮಹಡಿಯ ಮೇಲೊಂದು ಕೋಣೆಯಲ್ಲಿ ಗಿಟಾರ್ ಪಾಠ ಹೇಳುತ್ತ ಉಳಿದ. ಟಿನ್ ಗೇಟ್ ಮಾತ್ರ ವರ್ಷವರ್ಷವೂ ವೇದಿಕೆ ಹತ್ತುತ್ತಲೇ ಇತ್ತು. ಪತ್ರಿಕೆಗಳಲ್ಲಿ ಆ ಬ್ಯಾಂಡಿನ ಬಗ್ಗೆ ಬರೆದಾಗಲೆಲ್ಲ ಕೊನೆಯಲ್ಲಿ ಒಂದು ಸಾಲು ಇರುತ್ತಿತ್ತು, ಮೊದಲ ಗಿಟಾರ್ ವಾದಕ ಬಿಟ್ಟುಹೋದ, ಮುಂದೆ ಏನೂ ಆಗಲಿಲ್ಲ ಎಂಬರ್ಥದ್ದು. ಅಪ್ಪ ನಿವೃತ್ತರಾದರು, ಕಾಲೊನಿ ಖಾಲಿಯಾಯಿತು, ಸೀಬೆ ಮರಗಳಿದ್ದ ಸಾಲಿನ ಮೇಲೆ ಈಗ ಗಾಜಿನ ಕಟ್ಟಡ ನಿಂತಿದೆ. ಮೊದಲು ಅಮ್ಮ ಹೋದಳು, ಆಮೇಲೆ ಅಪ್ಪ. ಮೂರು ವರ್ಷದ ಹಿಂದೆ ಮಾವ. ಕೊನೆಯ ದಿನಗಳಲ್ಲಿ ಅವನ ಪಕ್ಕದಲ್ಲಿ ಕೂತಾಗ ಎಷ್ಟೋ ಸಲ ಹೇಳಬೇಕೆಂದುಕೊಂಡೆ, ಅವತ್ತು ನಾನು ನಿಜ ಹೇಳಲಿಲ್ಲ ಎಂದು. ಅವನು ನೋವಿನಲ್ಲಿದ್ದ. ಬಾಯಿ ಬರಲಿಲ್ಲ.

ಶಿವಾಜಿನಗರದಿಂದ ಬಂದ ಮೇಲೂ ನಾಲ್ಕು ದಿನ ಕ್ಯಾಸೆಟ್ಟನ್ನು ಮುಟ್ಟಲಿಲ್ಲ. ಚೆನ್ನಾಗಿಲ್ಲ ಅನಿಸಿಬಿಟ್ಟರೆ ಏನು ಬರೆಯಲಿ ಎಂಬ ಭಯ. ಚೆನ್ನಾಗಿದೆ ಅನಿಸಿದರೆ ಅದು ಪ್ರೀತಿಯೋ ಕಿವಿಯೋ ಎಂಬ ಭಯ. ಐದನೆಯ ದಿನ ಫೋನ್ ಆಫ್ ಮಾಡಿ ಎಂಟೂ ಹಾಡು ಕೇಳಿದೆ. ಮತ್ತೊಮ್ಮೆ ಕೇಳಿದೆ. ನಾಲ್ಕು ಹಾಡುಗಳಲ್ಲಿ ಅವನ ದನಿ ತನ್ನದಲ್ಲದ ಎತ್ತರಕ್ಕೆ ಹಾರಿ ಬೀಳುತ್ತದೆ. ಅಪ್ಪ ಹೇಳಿದ್ದು ಸರಿ. ಎರಡು ಮತ್ತು ಐದನೆಯದು ಇವತ್ತಿಗೂ ನಿಲ್ಲುತ್ತವೆ, ಎಂಟನೆಯದೂ ಹಾಗೇ. ಅಪ್ಪ ಬಿಟ್ಟಿದ್ದ ಆರನೆಯದನ್ನು ಮಾತ್ರ ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಅದರಲ್ಲಿ ಅವನು ಹೆಚ್ಚುಕಡಿಮೆ ಮಾತಾಡುತ್ತಾನೆ, ಮನೆಗೆ ಬಂದವರೊಡನೆ ಮಾತಾಡುವಷ್ಟು ಮೆಲ್ಲಗೆ. ಗಿಟಾರು ಅವನು ಹೇಳದೆ ಬಿಟ್ಟದ್ದನ್ನು ಹೇಳಿ ಮುಗಿಸುತ್ತದೆ. ಅಂಥ ಹಾಡು ಟಿನ್ ಗೇಟ್ ಮಾಡಿರಲಿಲ್ಲ, ಮಾಡಲು ಆಗುತ್ತಲೂ ಇರಲಿಲ್ಲ. ಇದನ್ನೆಲ್ಲ ಹಾಗೇ ಬರೆದೆ. ನಾಲ್ಕು ಹಾಡು ಸೋತವು ಎಂದು ಬರೆದೆ. ಅಳಿಸಿದೆ, ಮತ್ತೆ ಬರೆದೆ, ಕಳಿಸಿಬಿಟ್ಟೆ.

ಕಳಿಸಿದ ಮೂರನೆಯ ದಿನ ಮಧ್ಯಾಹ್ನ ಡೆಸ್ಮಂಡ್ ಅಂಕಲ್ ತಾವೇ ಫೋನ್ ಮಾಡಿದರು. ಎಂಬತ್ತು ದಾಟಿದ ದನಿ. ಬೈಯುತ್ತಾರೆಂದೇ ಅಂದುಕೊಂಡೆ.

"ಶೆರಿಲ್ ಓದಿ ಹೇಳಿದ್ಳು ಮಾ" ಎಂದರು. "ಕರೆಕ್ಟಾಗಿ ಬರ್ದಿದೀಯ. ಆದ್ರೆ ಒಂದು ಬಿಟ್ಟೋಗಿದೆ. ಮೋಹನ್ ಬಿಟ್ಟೋದ್ಮೇಲೆ ನಾವು ಒಂದೇ ಒಂದು ಹೊಸ ಹಾಡು ಮಾಡ್ಲಿಲ್ಲ. ಇಪ್ಪತ್ತೈದು ವರ್ಷ ಅವನ ಹಾಡೇ ಹಾಡ್ಕೊಂಡು ಬಂದ್ವಿ. ಅವನು ಏನ್ ಮಾಡ್ದ ಅಂತ ಎಲ್ರೂ ಕೇಳ್ತಾರೆ. ನಮ್ಮನ್ನ ಯಾರೂ ಕೇಳ್ಳಿಲ್ಲ."

"ಇದನ್ನ ಪುಟದಲ್ಲಿ ಸೇರಿಸ್ಲಾ ಅಂಕಲ್?" ಎಂದೆ.

"ಹಾಕು ಮಾ" ಎಂದರು. "ನನ್ ಹೆಸ್ರು ಹಾಕೇ ಹಾಕು. ಅವನಿದ್ದಾಗ ನಾನೇ ಹೋಗಿ ಹೇಳ್ಬೇಕಿತ್ತು."

ಫೋನಿಟ್ಟ ಮೇಲೆ ಈ ಮಾತನ್ನು ಯಾರಿಗಾದರೂ ಓಡಿಹೋಗಿ ಹೇಳಬೇಕೆಂದು ಎದ್ದುನಿಂತೆ. ಹೇಳಬೇಕಾಗಿದ್ದ ಮೂವರಲ್ಲಿ ಒಬ್ಬರೂ ಇರಲಿಲ್ಲ. ಮತ್ತೆ ಕೂತು, ಆ ಸಾಲನ್ನು ಅಂಕಲ್ ಹೇಳಿದಂತೆಯೇ ಬರೆದೆ.