ಅಳಿಯ ತಂದ ಕ್ಷೌರದ ಕತ್ತಿ

ಹೋದ ಭಾನುವಾರ ಬೆಳಿಗ್ಗೆ ಅಳಿಯ ಮಹೇಶ ಒಂದು ಪೆಟ್ಟಿಗೆಯನ್ನು ನನ್ನ ಮುಂದಿಟ್ಟು, "ಅತ್ತೆ, ಇದನ್ನ ಸ್ವಲ್ಪ ನೋಡಿ ಹೇಳಿ" ಎಂದ. ಸೀರೆಗೆ ಸಣ್ಣದು, ಪೆನ್ನಿಗೆ ದೊಡ್ಡದು ಎನ್ನುವಂಥ ಪೆಟ್ಟಿಗೆ. ಮುಚ್ಚಳ ತೆಗೆದರೆ ಕೆಂಪು ಮಖಮಲ್ಲಿನ ಮೇಲೆ ಮಲಗಿದ್ದುದು ಕ್ಷೌರದ ಕತ್ತಿ. ಹೊಚ್ಚ ಹೊಸದು. ಬ್ಲೇಡು ಸಿಕ್ಕಿಸಿ ಎಸೆಯುವ ಜಾತಿಯದಲ್ಲ. ಹಿಡಿಯೊಳಗೆ ಮಡಚಿಕೊಳ್ಳುವ, ಮಸೆದು ಮಸೆದು ಬಳಸುವ ಹಳೆಯ ಕಾಲದ್ದು.

ಅರವತ್ತು ದಾಟಿದ ಅತ್ತೆಗೆ ಅಳಿಯನಾದವನು ಕ್ಷೌರದ ಕತ್ತಿ ತಂದು ತೋರಿಸುವುದುಂಟೇ ಎಂದು ನೀವು ಕೇಳಬಹುದು. ತಪ್ಪು ಅವನದಲ್ಲ. "ಅಮ್ಮನಿಗೆ ಕತ್ತಿ ಗೊತ್ತು" ಎಂದು ನನ್ನ ಮಗಳು ಸ್ಮಿತಾ ಹೇಳಿಬಿಟ್ಟಿದ್ದಾಳೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದೆ. ಗಣಿತದ ಬಗ್ಗೆ ಈ ಮನೆಯಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳಿದವರಲ್ಲ. ಕತ್ತಿಯ ಬಗ್ಗೆ ಮಾತ್ರ ನಾನೇ ಪಂಡಿತೆ.

ಆ ಪಾಂಡಿತ್ಯ ಬಂದದ್ದು ನಮ್ಮ ಮನೆಯವರಿಂದ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಸ್ಮಿತಾಳ ಮದುವೆ ಆಮೇಲೆ ಆದದ್ದು, ಹಾಗಾಗಿ ಮಹೇಶ ಮಾವನನ್ನು ಕಂಡಿರುವುದು ಗೋಡೆಯ ಮೇಲಿನ ಫೋಟೋದಲ್ಲಷ್ಟೆ. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಉಪಕರಣಗಳಿಗೆ ಸಾಣೆ ಹಿಡಿಯುವುದು ಅವರ ಕೆಲಸವಾಗಿತ್ತು. ಎಂಟು ಗಂಟೆ ಅದನ್ನೇ ಮಾಡಿ ಬಂದವರು ಮನೆಯಲ್ಲಾದರೂ ಸುಮ್ಮನಿರುತ್ತಿದ್ದರೇ? ನನ್ನ ಈಳಿಗೆಮಣೆ, ಕತ್ತರಿ, ಕೊನೆಗೆ ಸ್ಮಿತಾಳ ಪೆನ್ಸಿಲ್ ಶಾರ್ಪನರಿನ ಬ್ಲೇಡನ್ನೂ ಬಿಡುತ್ತಿರಲಿಲ್ಲ. ಪಕ್ಕದ ಮನೆಯಾಕೆ ಈಳಿಗೆ ಕಡ ಒಯ್ದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಹಿಂದಿರುಗಿಸಿದ್ದುಂಟು.

ಕುರುಬರಹಳ್ಳಿಯ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ ಹೊಸತು. ಬೆಳಿಗ್ಗೆ ಬಚ್ಚಲಿನ ಕಡೆಯಿಂದ ಸರ್‌ಸರ್ ಎಂದು ಸದ್ದು. ಇಣುಕಿದರೆ ಗಂಡ ಕಿಟಕಿಯ ಸರಳಿಗೆ ಚರ್ಮದ ಪಟ್ಟಿ ಕಟ್ಟಿ, ಬಲಗೈಯಲ್ಲಿ ಕತ್ತಿ ಹಿಡಿದು ತೀಡುತ್ತಿದ್ದಾರೆ. ಮದುವೆಯಾಗಿ ಮೂರನೆಯ ದಿನ! ನಾನು ಸದ್ದಿಲ್ಲದೆ ಅಡುಗೆ ಕಟ್ಟೆಗೆ ಮರಳಿ, ಅಮ್ಮ ವಿಚಾರಿಸದೆಯೇ ಕೊಟ್ಟುಬಿಟ್ಟಳೇನೋ ಎಂದು ಯೋಚಿಸಿದೆ. ಕ್ರಮೇಣ ಆ ಸದ್ದಿಗೇ ಏಳುವುದು ಅಭ್ಯಾಸವಾಯಿತು. ಅಲಾರಂ ಗಡಿಯಾರ ಕೊಳ್ಳುವ ಪ್ರಮೇಯವೇ ಬರಲಿಲ್ಲ.

ಮಹೇಶ ತಂದ ಕತ್ತಿಯನ್ನು ಕಿಟಕಿಯ ಬಳಿಗೆ ಒಯ್ದೆ. ಬಾಯನ್ನು ಮೇಲೆ ಮಾಡಿ ಬೆಳಕಿಗೆ ಹಿಡಿದೆ. "ಹರಿತವಾದ ಬಾಯಿ ಕಣ್ಣಿಗೆ ಕಾಣಬಾರದು ಕಣೇ. ಎಲ್ಲಿ ಮಿಂಚುತ್ತೋ ಅಲ್ಲಿ ಮೊಂಡು ಅಂತ ಲೆಕ್ಕ" ಎನ್ನುತ್ತಿದ್ದರು. ಉದ್ದಕ್ಕೂ ಏನೂ ಕಾಣಲಿಲ್ಲ. ತುದಿಯ ಹತ್ತಿರ ಮಾತ್ರ ಕೂದಲೆಳೆಯಷ್ಟು ಹೊಳಪು. ಟೀಪಾಯಿಯ ಗಾಜಿನ ಮೇಲೆ ಅಡ್ಡ ಮಲಗಿಸಿದೆ. ಬೆನ್ನೂ ಬಾಯೂ ಎಲ್ಲೂ ಎದ್ದು ನಿಲ್ಲದೆ ಸಮನಾಗಿ ಕೂತವು. ಉಕ್ಕು ಸೊಟ್ಟಗಾಗಿಲ್ಲ. ಬೆನ್ನಿನಿಂದ ಬಾಯಿಯವರೆಗೆ ಎರಡೂ ಕಡೆ ಒಳಕ್ಕೆ ಬಾಗಿದ ಆ ಕೊರೆತ, ಅಂಗೈಯಲ್ಲಿ ನೀರು ಹಿಡಿದಾಗ ಆಗುವ ಬಾಗಿನಂತೆ, ಎಷ್ಟು ನಯವಾಗಿತ್ತೆಂದರೆ ಬೆರಳು ತಾನಾಗಿಯೇ ಜಾರಿತು. ಅಲಗಿನ ಬುಡದಲ್ಲಿ, ಒದ್ದೆ ಬೆರಳು ಜಾರದಿರಲೆಂದು ಸಣ್ಣ ಗೀರುಗಳನ್ನೂ ಹಾಕಿದ್ದರು.

"ಹೆಂಗಿದೆ ಅತ್ತೆ?" ಎಂದ ಮಹೇಶ. ಹೊಸ ಕತ್ತಿಗೆಂದೇ ನಾಲ್ಕು ದಿನದ ಗಡ್ಡ ಉಳಿಸಿಕೊಂಡು ಬಂದಿದ್ದ.

"ತಾಳಿ" ಎಂದು ಕತ್ತಿಯನ್ನು ಮೆಲ್ಲಗೆ ಮಡಚಿದೆ. ಅಲಗು ಹಿಡಿಯ ನಟ್ಟನಡುವೆ ಇಳಿಯಬೇಕು. ಇದು ಎಡಕ್ಕೆ ವಾಲಿ ಹಿಡಿಯ ಒಳಮೈಗೆ ಒರಗಿಕೊಂಡಿತು. ಹಿಡಿಯ ಮೇಲೆ ಬಳ್ಳಿ, ಹೂವು, ಚಿನ್ನದ ಬಣ್ಣದ ಅಕ್ಷರ, ಎಲ್ಲಾ ಇವೆ. ಅಲಗನ್ನು ಹಿಡಿಗೆ ಸೇರಿಸುವ ಮೊಳೆ ಮಾತ್ರ ಸೊಟ್ಟಗೆ ಹೊಡೆದಿದ್ದಾರೆ. ಮುಂದಿನ ಮೂಲೆಯೂ ಚೂಪು. ಕಿವಿಯ ಹತ್ತಿರ ಹೋದರೆ ರಕ್ತ ಖಂಡಿತ.

ನಮ್ಮ ಮನೆಯವರು ಯಾವ ವಸ್ತು ಸಿಕ್ಕಿದರೂ ಅದನ್ನು ಮಾಡಿದವರ ಸ್ವಭಾವ ಹೇಳುತ್ತಿದ್ದರು. ಅದೇ ಧಾಟಿಯಲ್ಲಿ ನಾನೂ ಹೇಳಿದೆ: "ಇದಕ್ಕೆ ಸಾಣೆ ಹಿಡಿದೋನು ನಿಧಾನಸ್ಥ. ಹಿಡಿ ಕೂರಿಸ್ದೋನು ಬಸ್ಸಿಗೆ ಹೊರಟಿದ್ದ."

ಮಹೇಶ ಜೋರಾಗಿ ನಕ್ಕ. ಆಮೇಲೆ ಫೋಟೋದ ಕಡೆ ನೋಡಿ, "ಮಾವನ ಕತ್ತಿ ಎಲ್ಲಿದೆ ಅತ್ತೆ? ನೋಡ್ಬೇಕು ಅಂತ ಆಸೆ" ಎಂದ.

ಇಲ್ಲ ಎಂದೆ. ಹನ್ನೆರಡನೆಯ ದಿನ ಅವರ ಕಾರ್ಖಾನೆಯ ಗೆಳೆಯರೊಬ್ಬರು ಬಂದಿದ್ದರು. "ಅವರದು ಅಂತ ಏನಾದ್ರೂ ಒಂದು ನೆನಪಿಗೆ ಕೊಡ್ತೀರಾ ಅಮ್ಮಾ?" ಎಂದು ಕಣ್ಣೊರೆಸಿಕೊಂಡರು. ಕತ್ತಿಯನ್ನೇ ಎತ್ತಿ ಕೊಟ್ಟುಬಿಟ್ಟೆ. ಅವರು ಗೇಟು ದಾಟುವಾಗಲೇ ಓಡಿಹೋಗಿ ವಾಪಸು ಕೇಳಬೇಕೆನಿಸಿತು. ಕೇಳಲಿಲ್ಲ. ಈಗಲೂ ಎಷ್ಟೋ ಬೆಳಿಗ್ಗೆ, ಎಚ್ಚರವಾದ ಮೇಲೂ, ಏನೋ ಕೇಳಿಸಬೇಕಲ್ಲ ಎಂದು ಕಾದು ಮಲಗಿರುತ್ತೇನೆ.

ನಾನು ಕತ್ತಿ ಹಿಡಿದದ್ದು ಅವರ ಕೈ ನಡುಗತೊಡಗಿದ ಮೇಲೆ. ಮೊದಲು ಕಾಫಿ ಲೋಟ ತುಳುಕಿತು, ಆಮೇಲೆ ಸಹಿ ಕೆಟ್ಟಿತು. ಅದು ವಾಸಿಯಾಗುವ ನಡುಕವಲ್ಲ ಎಂದು ಡಾಕ್ಟರು ಹೇಳಿದರು. ಒಂದು ಬೆಳಿಗ್ಗೆ ಕೆನ್ನೆಯ ತುಂಬ ನೊರೆ ಬಳಿದುಕೊಂಡು, ಕತ್ತಿಯನ್ನು ಕೈಯಲ್ಲೇ ಹಿಡಿದು ಕನ್ನಡಿಯ ಮುಂದೆ ನಿಂತಿದ್ದರು. ನೊರೆ ಒಣಗುತ್ತಿತ್ತು. ನಾನು ಹೋಗಿ ಕೈ ಚಾಚಿದೆ.

"ನಿನ್ನ ಕೈಯೂ ನಡುಗ್ತಾ ಇದೆಯಲ್ಲೇ" ಎಂದರು.

"ಹೆದರಿಕೆಗೆ ಕಣ್ರೀ. ನಿಂತು ಹೋಗತ್ತೆ."

ಹೆದರಿಕೆ ನಿಲ್ಲಲು ತಿಂಗಳು ಬೇಕಾಯಿತು. ಆಮೇಲೆ ಆರು ವರ್ಷ ದಿನ ಬಿಟ್ಟು ದಿನ ಅವರ ಕ್ಷೌರ ನನ್ನದೇ. ಎಡಗೈಯಿಂದ ಚರ್ಮ ಎಳೆದು ಹಿಡಿಯುವುದು, ಕೂದಲು ಯಾವ ದಿಕ್ಕಿಗೆ ಬಗ್ಗಿದೆಯೆಂದು ನೋಡುವುದು, ಕತ್ತಿಯ ಭಾರಕ್ಕೇ ಕೆಲಸ ಬಿಡುವುದು, ಎಲ್ಲವನ್ನೂ ಅವರೇ ಹೇಳಿಕೊಟ್ಟರು. ಮೇಲ್ದುಟಿಯ ಮೇಲೆ ಕತ್ತಿಯಿದ್ದಾಗ ಗಂಡನಾದವನು ಎದುರಾಡುವಂತಿಲ್ಲ. ಮನೆಯ ಎಷ್ಟೋ ತಗಾದೆಗಳನ್ನು ನಾನು ಇತ್ಯರ್ಥ ಮಾಡಿಕೊಂಡದ್ದು ಆಗಲೇ. ನಿಜ ಹೇಳುತ್ತೇನೆ, ಮೂವತ್ತು ವರ್ಷದ ದಾಂಪತ್ಯದಲ್ಲಿ ಅವರ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿರಲಿಲ್ಲ.

"ಅತ್ತೆ, ಇವತ್ತು ನೀವೇ ಮಾಡಿ. ನನಗೆ ಧೈರ್ಯ ಬರ್ತಿಲ್ಲ" ಎಂದ ಮಹೇಶ. "ಆರು ವರ್ಷದಲ್ಲಿ ಮಾವಂಗೆ ಒಂದು ಗೀರೂ ಬಿದ್ದಿಲ್ವಂತೆ?"

"ಸುಳ್ಳು. ಎರಡು ಸಲ ಬಿದ್ದಿದೆ."

ಬೇಡವೆನ್ನಬೇಕೆಂದೇ ಇದ್ದೆ. ಸ್ಮಿತಾ ತರಕಾರಿಗೆ ಹೋಗಿದ್ದಳು, ಮನೆಯಲ್ಲಿ ನಾವಿಬ್ಬರೇ. ಆದರೂ ಎದ್ದು ಅಲಮಾರಿಯಿಂದ ಅವರ ಸಾಣೆಕಲ್ಲು, ಚರ್ಮದ ಪಟ್ಟಿ ತೆಗೆದೆ. ಕತ್ತಿಯ ತುದಿಯ ಹೊಳಪು ಅಳಿಯುವವರೆಗೆ ಮಸೆದು, ಚೂಪು ಮೂಲೆಯನ್ನೂ ತುಸು ಉಜ್ಜಿ ದುಂಡಗೆ ಮಾಡಿದೆ. ಪಟ್ಟಿ ಒಣಗಿತ್ತು, ಅಂಗೈಯಿಂದ ತಿಕ್ಕಿ ಬಿಸಿ ಮಾಡಿ ಕತ್ತಿಯನ್ನು ತೀಡತೊಡಗಿದೆ. ಆ ಸದ್ದು ಮನೆಯಲ್ಲಿ ಹುಟ್ಟಿದ ಕೂಡಲೇ ಒಂದು ಗಳಿಗೆ ಕೈ ನಿಲ್ಲಿಸಬೇಕಾಯಿತು. ಮಹೇಶ ಅದನ್ನು ಕಂಡರೂ ಕಾಣದವನಂತೆ ಟವೆಲ್ ಹೊದ್ದು ಕೂತ.

ಬಲಗೆನ್ನೆ ಸಲೀಸಾಗಿ ಮುಗಿಯಿತು. ಎಡಗೆನ್ನೆಗೆ ಬಂದಾಗ ಅವನು ಏನೋ ಹೇಳಲು ಬಾಯಿ ತೆರೆದ.

"ಅಲ್ಲಾಡಬೇಡ ಕಣೋ!" ಎಂದು ಗದರಿಬಿಟ್ಟೆ. ಎರಡು ವರ್ಷದಿಂದ ನಾನು ಬನ್ನಿ, ಕೂತ್ಕೊಳ್ಳಿ ಎಂದೇ ಮಾತಾಡಿಸುತ್ತಿದ್ದ ಅಳಿಯನಿಗೆ! ಅವನ ಕೆನ್ನೆ ನನ್ನ ಬೆರಳ ಕೆಳಗೆ ನಗುವುದು ಗೊತ್ತಾಯಿತು.

ದವಡೆಯ ಕೆಳಗೆ, ಎಡಗಡೆ, ಕೈ ತಾನಾಗಿ ನಿಂತಿತು.

"ಏನಾಯ್ತತ್ತೆ?"

ಹೇಳಿಬಿಟ್ಟೆ. ಕೊನೆಯ ಒಂಬತ್ತು ದಿನ ಅವರು ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ಕತ್ತಿ ತರುವಂತಿರಲಿಲ್ಲ. ಯಾರೋ ಒಬ್ಬರು ಗಡಿಬಿಡಿಯಲ್ಲಿ ಕ್ಷೌರ ಮಾಡಿ ಹೋದರು. ಇವರಿಗೆ ಎಡ ದವಡೆಯ ಕೆಳಗೆ ಕೂದಲು ಹಿಮ್ಮುಖವಾಗಿ ಬೆಳೆಯುತ್ತಿತ್ತು. ಗೊತ್ತಿಲ್ಲದವರಿಗೆ ಅದು ಸಿಗುವುದಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಹಾಗೇ ಉಳಿದಿತ್ತು. ಇವರು ನಡುಗುವ ಬೆರಳಿನಿಂದ ಅದನ್ನು ಮುಟ್ಟಿ ನನ್ನ ಮುಖ ನೋಡಿದರು. "ಮನೆಗೆ ಹೋದ್ಮೇಲೆ ನಾನೇ ತೆಗೀತೀನಿ" ಎಂದೆ. ಮನೆಗೆ ತಂದಾಗ ಉಸಿರಿರಲಿಲ್ಲ. ಹಾಲಿನ ತುಂಬ ಜನ. ಅಷ್ಟು ಜನರೆದುರು ಕತ್ತಿ ತರುತ್ತೇನೆ, ಸ್ವಲ್ಪ ತಾಳಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಹಾಗೆಯೇ ಕಳಿಸಿಕೊಟ್ಟೆ.

"ಸ್ಮಿತಾಗೆ ಗೊತ್ತಾ?" ಎಂದ ಮಹೇಶ, ಕಣ್ಣು ತೆರೆಯದೆ.

"ಯಾರಿಗೂ ಹೇಳಿಲ್ಲ."

ಅವನು ತಲೆಯನ್ನು ಹಿಂದಕ್ಕೆ ವಾಲಿಸಿ, ಗದ್ದವನ್ನು ಇನ್ನಷ್ಟು ಮೇಲಕ್ಕೆತ್ತಿ, ಕತ್ತನ್ನು ನನಗೆ ಒಡ್ಡಿ ಕೂತ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೊರೆ ಹಚ್ಚಿದೆ. ಮೊದಲು ಮೇಲಿನಿಂದ ಕೆಳಕ್ಕೆ, ಆಮೇಲೆ ಅಡ್ಡಡ್ಡ, ಅವಸರವಿಲ್ಲದೆ ಎಳೆದೆ. ಬೆರಳ ಹಿಂಬದಿಯಿಂದ ಸವರಿ ನೋಡಿದೆ.

ಒಂದು ಕೂದಲೂ ತಡೆಯಲಿಲ್ಲ.